ರಾಜ ಇದ್ದನಂತೆ, ಕಂಡವರು ಯಾರು?

"ಒಂದೂರಲ್ಲಿ ಒಬ್ಬ ರಾಜ ಇದ್ನಂತೆ. ಅವ್ನಿಗೆ ಇಬ್ರು ಹೆಂಡ್ತೀರಂತೆ." ಮಂಡ್ಯದ ಹಳ್ಳಿಯ ಜಗಲಿಯಲ್ಲಾಗಲಿ, ಮೈಸೂರಿನ ವಠಾರದಲ್ಲಾಗಲಿ ಅಜ್ಜಿಯರು ಕಥೆ ಶುರು ಮಾಡುವುದು ಹೀಗೆ. ಈ ಮಾತಿನಲ್ಲಿ ರಾಜನಿಗಿಂತ, ಹೆಂಡತಿಯರಿಗಿಂತ ಮುಖ್ಯವಾದದ್ದು ಕೊನೆಗೆ ಅಂಟಿಕೊಂಡಿರುವ 'ಅಂತೆ'. ಆ ರಾಜನನ್ನು ನಾನು ನೋಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ ಎಂದು ಅಜ್ಜಿ ಮೊದಲ ವಾಕ್ಯದಲ್ಲೇ ತಾನು ನಿಂತ ಜಾಗ ತೋರಿಸಿಬಿಡುತ್ತಾಳೆ. ಅದೇ ಕಥೆ ಅಚ್ಚಾಗಿ ಬಂದಾಗ "ಒಂದು ಊರಿನಲ್ಲಿ ಒಬ್ಬ ರಾಜನಿದ್ದನು" ಎಂದಾಗುತ್ತದೆ. 'ಅಂತೆ' ಹೋಯಿತು. ಅದರ ಜೊತೆಗೆ ಹೇಳುವವರೂ ಮರೆಯಾದರು.

ಹಾಗಾಗಿಯೇ ಐದನೇ ತರಗತಿಯ ಮಗುವನ್ನು "ಈ ಕಥೆಯನ್ನು ಯಾರು ಹೇಳುತ್ತಿದ್ದಾರೆ?" ಎಂದು ಕೇಳಿದರೆ "ಲೇಖಕರು" ಎಂದೋ "ಮಿಸ್ಸು" ಎಂದೋ ಉತ್ತರ ಬರುತ್ತದೆ. ಎರಡೂ ಪೂರ್ತಿ ತಪ್ಪಲ್ಲ. ಪುಸ್ತಕದ ಮೇಲೆ ಲೇಖಕರ ಹೆಸರಿದೆ, ಓದಿ ಹೇಳುತ್ತಿರುವುದು ಮಿಸ್ಸು. ಕಥೆಯ ಒಳಗೆ ಇನ್ನೊಬ್ಬರು ಒಂದು ಕಡೆ ನಿಂತು ನೋಡುತ್ತಿದ್ದಾರೆ, ಅವರಿಗೆ ಎಷ್ಟು ಕಾಣುತ್ತದೋ ಅಷ್ಟೇ ನಮಗೂ ಸಿಗುತ್ತದೆ ಎನ್ನುವುದು ಮಗುವಿಗೆ ಹೊಳೆದಿಲ್ಲ, ಅಷ್ಟೇ.

ಕಥೆಯನ್ನು ಯಾರು ಎಲ್ಲಿ ನಿಂತು ನೋಡಿ ಹೇಳುತ್ತಿದ್ದಾರೆ ಎಂಬುದನ್ನು, ಅಂದರೆ ದೃಷ್ಟಿಕೋನವನ್ನು, ಕಲಿಸಲು ನಾವು ಸಾಮಾನ್ಯವಾಗಿ ಹಿಡಿಯುವುದು ಸರ್ವನಾಮದ ದಾರಿ. 'ನಾನು' ಬಂದರೆ ಒಂದು ಬಗೆ, 'ಅವನು' ಬಂದರೆ ಇನ್ನೊಂದು ಬಗೆ. ಕಲಿಸುವುದು ಸುಲಭ, ಅಂಕ ಕೊಡುವುದು ಇನ್ನೂ ಸುಲಭ. ಆದರೆ ಸರ್ವನಾಮ ಗುರುತಿಸಲು ಕಲಿತ ಮಗು ಕಥೆ ಬರೆಯಲು ಕೂತಾಗ ಮತ್ತೆ ಅದೇ ಗೊಂದಲಕ್ಕೆ ಬೀಳುತ್ತದೆ. ಹೇಳುವವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ಗೆರೆಯನ್ನು ಅದಕ್ಕೆ ಯಾರೂ ತೋರಿಸಿರುವುದಿಲ್ಲ. ಆ ಗೆರೆ ಮೊದಲು, ಹೆಸರುಗಳು ಆಮೇಲೆ. ಈ ಬರಹದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಆ ಗೆರೆ ಎಳೆಯಲು ಬೇಕಾದ ಸಾಮಾನು ಕನ್ನಡದಲ್ಲಿ ಧಾರಾಳವಾಗಿದೆ ಎಂಬುದು ಬಹಳ ಸಂತೋಷದ ವಿಷಯ.

ಹೆಸರುಗಳ ತೊಡಕನ್ನು ಬೇಗ ಹೇಳಿ ಮುಗಿಸೋಣ. ನಮ್ಮ ವ್ಯಾಕರಣದಲ್ಲಿ ನಾನು, ನಾವು ಉತ್ತಮ ಪುರುಷ; ನೀನು, ನೀವು ಮಧ್ಯಮ ಪುರುಷ; ಅವನು, ಅವಳು, ಅದು ಪ್ರಥಮ ಪುರುಷ. ಇಂಗ್ಲಿಷ್ ಪಾಠದಲ್ಲಿ ಫಸ್ಟ್ ಪರ್ಸನ್ ಎಂದರೆ 'ನಾನು'. ಅದನ್ನು ಯಾರಾದರೂ ಪ್ರಥಮ ಪುರುಷ ಎಂದು ಕನ್ನಡಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಬೆಳಗ್ಗೆ ವ್ಯಾಕರಣದ ಪೀರಿಯಡ್‌ನಲ್ಲಿ ಒಂದು, ಮಧ್ಯಾಹ್ನ ಇಂಗ್ಲಿಷ್ ಪೀರಿಯಡ್‌ನಲ್ಲಿ ಇನ್ನೊಂದು ಕೇಳಿದ ಮಗು ಏನು ಮಾಡಬೇಕು? ಎಲ್ಲವನ್ನೂ ಬಲ್ಲ ಕಥೆಗಾರ ಎಂಬ ಅರ್ಥದ 'ಸರ್ವಜ್ಞ ನಿರೂಪಕ' ಎನ್ನುವ ಮಾತಿಗೂ ಇಂಥದ್ದೇ ಕಷ್ಟ. ಮಕ್ಕಳಿಗೆ ಸರ್ವಜ್ಞ ಎಂದರೆ ತ್ರಿಪದಿಯ ಕವಿ. ಏಳನೇ ತರಗತಿಯವರೆಗೆ 'ನಾನು ಹೇಳುವ ಕಥೆ', 'ಒಬ್ಬರ ಬೆನ್ನ ಹಿಂದೆ ನಿಂತು ಹೇಳುವ ಕಥೆ', 'ಎಲ್ಲರ ಮನಸ್ಸೂ ಗೊತ್ತಿದ್ದು ಹೇಳುವ ಕಥೆ' ಎಂದರೆ ಸಾಕು. 'ದೃಷ್ಟಿಕೋನ' ಎಂಬ ಪದವನ್ನೂ ತಡವಾಗಿ ತರುವುದು ಮೇಲು. ದಿನಬಳಕೆಯಲ್ಲಿ ಅದಕ್ಕೆ 'ಅಭಿಪ್ರಾಯ' ಎಂಬ ಅರ್ಥವೇ ಬಲವಾಗಿದೆ. ನರಿಯ ದೃಷ್ಟಿಕೋನದಿಂದ ಕಥೆ ಹೇಳು ಎಂದರೆ ಮಕ್ಕಳು ನರಿ ಮಾಡಿದ್ದು ಸರಿಯೋ ತಪ್ಪೋ ಎಂದು ಚರ್ಚಾಸ್ಪರ್ಧೆಗೆ ನಿಂತುಬಿಡುತ್ತಾರೆ.

ಇನ್ನು ಕೆಲಸಕ್ಕೆ ಬರೋಣ. ತೀರಾ ಚಿಕ್ಕ ಮಕ್ಕಳಿಗೆ ಒಂದು ಬೆಲ್ಲದಚ್ಚು, ಒಂದು ಡಬ್ಬಿ, ಒಂದು ಮಡಕೆ ಸಾಕು. ಮಂಜ ಬೆಲ್ಲವನ್ನು ಡಬ್ಬಿಯಲ್ಲಿಟ್ಟು ಆಡಲು ಹೋದ. ಅವನು ಇಲ್ಲದಾಗ ಅಕ್ಕ ಅದನ್ನು ತೆಗೆದು ಮಡಕೆಯಲ್ಲಿಟ್ಟಳು. ಮಂಜ ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಸಾಮಾನ್ಯವಾಗಿ ಮಡಕೆಯನ್ನೇ ತೋರಿಸುತ್ತದೆ. ಬೆಲ್ಲ ಇರುವುದು ಅಲ್ಲಿ, ತನಗೆ ಗೊತ್ತಿದ್ದದ್ದು ಮಂಜನಿಗೂ ಗೊತ್ತು ಎಂಬುದು ಅದರ ಲೆಕ್ಕ. ನಾಲ್ಕು ದಾಟಿ ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು ಡಬ್ಬಿಯನ್ನು ತೋರಿಸುತ್ತಾರೆ. ವಿಮ್ಮರ್ ಮತ್ತು ಪೆರ್ನರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಪ್ರಕಟಿಸಿದ ಪ್ರಯೋಗದ ಹುರುಳು ಇದೇ. ಅಲ್ಲಿ ಬೆಲ್ಲದ ಬದಲು ಚಾಕೊಲೇಟ್ ಇತ್ತು. ಇದನ್ನು ಪರೀಕ್ಷೆಯಂತೆ ಮಾಡಬಾರದು, ಆಟದಂತೆ ಮಾಡಬೇಕು. ತಪ್ಪಾಗಿ ಹೇಳಿದ ಮಗುವನ್ನು ತಿದ್ದುವ ಬದಲು ಅದನ್ನೇ ಮಂಜನನ್ನಾಗಿ ಮಾಡಿ ಬಾಗಿಲ ಹೊರಗೆ ಕಳಿಸಿ. ಒಳಗೆ ಬಂದು ಖಾಲಿ ಡಬ್ಬಿ ತೆರೆದಾಗ ಅದಕ್ಕೆ ತಿಳಿಯುವುದು ನಮ್ಮ ವಿವರಣೆಯಿಂದ ತಿಳಿಯುವುದಿಲ್ಲ.

ಮೂರನೇ ತರಗತಿಯ ಹೊತ್ತಿಗೆ ನೋಟ್‌ಬುಕ್ಕಿನ ಒಂದು ಪುಟಕ್ಕೆ ಎರಡು ಗೆರೆ ಎಳೆಸಿ ಮೂರು ಮನೆ ಮಾಡಿಸಿ. ತಲೆಬರಹ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಇವು ಮೂರಕ್ಕೂ ಕನ್ನಡದ ಕ್ರಿಯಾಪದದಲ್ಲೇ ಗುರುತಿದೆ. "ಕಟ್ಟೆ ತುಂಬಿತು" ಎಂದವನು ಕನ್ನಂಬಾಡಿ ಅಣೆಕಟ್ಟೆಗೆ ಹೋಗಿ ನೋಡಿ ಬಂದಿದ್ದಾನೆ. "ಕಟ್ಟೆ ತುಂಬಿತಂತೆ" ಎಂದವನು ಟೀ ಅಂಗಡಿಯಲ್ಲಿ ಕೇಳಿದ್ದಾನೆ. "ಕಟ್ಟೆ ತುಂಬಿರಬೇಕು" ಎಂದವನು ನಾಲೆಯ ನೀರು ಏರಿದ್ದನ್ನು ಕಂಡು ಲೆಕ್ಕ ಹಾಕಿದ್ದಾನೆ. ಎಂಟು ಹತ್ತು ವಾಕ್ಯದ ಚಿಕ್ಕ ಕಥೆಯೊಂದನ್ನು ಕೊಟ್ಟು ಪ್ರತಿ ವಾಕ್ಯವನ್ನೂ ಮೂರರಲ್ಲಿ ಒಂದು ಮನೆಗೆ ಹಾಕಲು ಹೇಳಿ. ನಲವತ್ತು ನಿಮಿಷದ ಪೀರಿಯಡ್‌ಗೆ ಇದಕ್ಕಿಂತ ಹೆಚ್ಚು ಬೇಡ. ಯಾವ ಮನೆಗೂ ಸೇರದ ಒಂದೆರಡು ವಾಕ್ಯ ಉಳಿಯುತ್ತವೆ. "ಮಂತ್ರಿ ಒಳಗೊಳಗೇ ನಕ್ಕನು" ಎನ್ನುವಂಥವು. ಯಾರಿಗೆ ಕಂಡಿತು ಅದು? ಎಲ್ಲರ ಮನಸ್ಸೂ ಗೊತ್ತಿರುವ ನಿರೂಪಕನನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

'ಅಂತೆ'ಯ ಜೊತೆ 'ನಾನು' ಬಂದರೆ ಏನಾಗುತ್ತದೆ ಎಂದೂ ಕೇಳಿ. "ನಾನು ನಿನ್ನೆ ಸಂತೆಗೆ ಹೋದೆನಂತೆ" ಎಂದರೆ ತರಗತಿ ನಗುತ್ತದೆ. "ಚಿಕ್ಕಂದಿನಲ್ಲಿ ನಾನು ತುಂಬಾ ಅಳುತ್ತಿದ್ದೆನಂತೆ" ಎಂದರೆ ಯಾರೂ ನಗುವುದಿಲ್ಲ. ಏಕೆ? ಒಂಬತ್ತು ವರ್ಷದ ಮಕ್ಕಳೇ ಉತ್ತರ ಕೊಡುತ್ತಾರೆ: ಅದು ನನಗೆ ನೆನಪಿಲ್ಲ, ಅಮ್ಮ ಹೇಳಿದ್ದು. ನನ್ನ ಬದುಕಿನಲ್ಲೇ ನನ್ನ ಕಣ್ಣಿಗೆ ಸಿಗದ ಭಾಗವಿದೆ ಎಂದು ಮಗು ತಾನೇ ಹೇಳಿದಂತಾಯಿತು.

ನಾಲ್ಕು ಐದನೇ ತರಗತಿಗೆ ಕಾಗಕ್ಕ ಗುಬ್ಬಕ್ಕನ ಕಥೆಯಷ್ಟು ಒದಗುವ ಇನ್ನೊಂದನ್ನು ಹೇಳುವುದು ಕಷ್ಟ. ಹೇಳುವ ಮನೆಗೊಂದು ರೂಪವಿದ್ದರೂ ಎಲುಬು ಒಂದೇ: ಕಾಗಕ್ಕನ ಸಗಣಿ ಮನೆ ಮಳೆಗೆ ಕೊಚ್ಚಿಹೋಗುತ್ತದೆ, ಅವಳು ಗುಬ್ಬಕ್ಕನ ಕಲ್ಲುಮನೆಯ ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಒಂದಲ್ಲ ಒಂದು ನೆಪ ಹೇಳಿ ಕಾಯಿಸುತ್ತಾಳೆ. ಈ ಕಥೆಯ ದೊಡ್ಡ ಅನುಕೂಲವೆಂದರೆ ಆ ಬಾಗಿಲು. ಒಬ್ಬರಿಗೆ ಕಾಣುವುದು ಇನ್ನೊಬ್ಬರಿಗೆ ಕಾಣದಂತೆ ಅದೇ ಗೆರೆ ಎಳೆದುಬಿಟ್ಟಿದೆ. ತರಗತಿಯನ್ನು ಎರಡು ಪಾಲು ಮಾಡಿ, ನಡುವೆ ಒಂದು ಪಂಚೆ ಇಳಿಬಿಡಿ. ಒಳಗಿನವರು ಗುಬ್ಬಕ್ಕ, ಹೊರಗಿನವರು ಕಾಗಕ್ಕ. ಬರೆಯುವ ಮೊದಲು ಹತ್ತು ನಿಮಿಷ ಒಂದೇ ಪ್ರಶ್ನೆ: ನಿನಗೆ ಏನು ಕಾಣುತ್ತಿಲ್ಲ?

ಕಾಗಕ್ಕನ ಕಡೆಯ ಬರವಣಿಗೆ ಹೀಗೆ ಬರಬಹುದು: "ರೆಕ್ಕೆ ತೊಯ್ದು ಭಾರವಾಗಿತ್ತು. ಗುಬ್ಬಕ್ಕನ ಮನೆಗೆ ಹೋದೆ. ಬಾಗಿಲು ತಟ್ಟಿದೆ. 'ತಡಿ, ಮಗೂಗೆ ನೀರು ಹಾಕ್ತಿದೀನಿ' ಅಂದಳು. ನೀರು ಹುಯ್ಯುವ ಸದ್ದು ಕೇಳಲಿಲ್ಲ. ಮಳೆಯ ಆರ್ಭಟಕ್ಕೆ ಕೇಳಲಿಲ್ಲವೋ, ಅವಳು ಹಾಕುತ್ತಲೇ ಇರಲಿಲ್ಲವೋ."

ಗುಬ್ಬಕ್ಕನ ಕಡೆಯಿಂದ: "ಮಗುವಿನ ತಲೆಗೆ ಸೀಗೆಪುಡಿ ಹಚ್ಚಿದ್ದೆ, ಕಣ್ಣಿಗೆ ಇಳಿಯದಂತೆ ಹಣೆಗೆ ಕೈ ಹಿಡಿದಿದ್ದೆ. ಬಾಗಿಲ ಸದ್ದಾಯಿತು. ಕಾಗಕ್ಕ ಬಂದಿದ್ದಳು. ಮೊನ್ನೆಯೂ ಉಪ್ಪು ಕೇಳಿಕೊಂಡು ಬಂದಿದ್ದಳು. ಇವತ್ತೇನೋ."

ಗುಬ್ಬಕ್ಕನಿಗೆ ಹೊರಗೆ ಮನೆಯೇ ಕೊಚ್ಚಿಹೋದದ್ದು ಗೊತ್ತಿಲ್ಲ. ಕಾಗಕ್ಕನಿಗೆ ಒಳಗಿನ ಸೀಗೆಪುಡಿ ಗೊತ್ತಿಲ್ಲ. ಒಂದೇ ನಡಿಗೆ ಒಬ್ಬಳ ಬಾಯಲ್ಲಿ 'ಹೋದೆ', ಇನ್ನೊಬ್ಬಳ ಬಾಯಲ್ಲಿ 'ಬಂದಿದ್ದಳು' ಆಗಿರುವುದನ್ನೂ ಬೋರ್ಡಿನ ಮೇಲೆ ತೋರಿಸಬೇಕು. ಬರು, ಹೋಗು, ಇಲ್ಲಿ, ಅಲ್ಲಿ, ಈ, ಆ. ಈ ಪುಟ್ಟ ಪದಗಳು ಹೇಳುವವರ ಕಾಲು ಎಲ್ಲಿ ಊರಿದೆ ಎಂದು ಹೇಳುತ್ತವೆ. ಮಕ್ಕಳು 'ನಾನು' ಬದಲಿಸುತ್ತಾರೆ, ಇವನ್ನು ಬದಲಿಸಲು ಮರೆಯುತ್ತಾರೆ. ಆಗ ಗುಬ್ಬಕ್ಕ ತನ್ನ ಮನೆಯೊಳಗೇ ಕೂತು "ಕಾಗಕ್ಕ ಅಲ್ಲಿಗೆ ಹೋದಳು" ಎನ್ನುತ್ತಾಳೆ.

ಇಲ್ಲಿ ಬರುವ ಇನ್ನೊಂದು ತಪ್ಪು ಹೆಚ್ಚು ಗಂಭೀರ. "ನಾನು ಸ್ವಾರ್ಥಿ ಗುಬ್ಬಿ, ಕಾಗಕ್ಕ ಒದ್ದೆಯಾದರೆ ನನಗೇನು" ಎಂದು ಮಕ್ಕಳು ಬರೆಯುತ್ತಾರೆ. ಕಥೆ ಕೇಳಿದವರು ಗುಬ್ಬಕ್ಕನ ಬಗ್ಗೆ ಕೊಟ್ಟ ತೀರ್ಪನ್ನು ಗುಬ್ಬಕ್ಕನ ಬಾಯಲ್ಲೇ ಆಡಿಸಿದ್ದಾರೆ. ಯಾರೂ ತಮ್ಮನ್ನು ತಾವು ಹಾಗೆ ಕರೆದುಕೊಳ್ಳುವುದಿಲ್ಲ. ಕಥೆಗಳಲ್ಲಿ ಕೆಟ್ಟದ್ದೆನಿಸಿಕೊಳ್ಳುವ ತೋಳವೂ ಅಷ್ಟೇ, ಅದಕ್ಕೆ ಆಗಿರುವುದು ಹಸಿವು. ಇದಕ್ಕೆ ಮದ್ದು ಒಂದು ಪ್ರಶ್ನೆ: ಆ ಗಳಿಗೆಯಲ್ಲಿ ಅವಳ ಕೈಯಲ್ಲಿ ಏನಿತ್ತು, ಏನು ಮಾಡುತ್ತಿದ್ದಳು? ಕೈಗೆ ಕೆಲಸ ಕೊಟ್ಟರೆ ಮನಸ್ಸು ತಾನಾಗಿ ಬರುತ್ತದೆ. ಹಾಗೆಂದು ಗುಬ್ಬಕ್ಕನನ್ನು ಒಳ್ಳೆಯವಳನ್ನಾಗಿ ಮಾಡಿಬಿಡುವುದೂ ಬೇಡ. ಬಾಗಿಲು ತೆರೆಯದಿದ್ದುದು ನಿಜ, ಕಾಗಕ್ಕ ತೊಯ್ದದ್ದೂ ನಿಜ. ಯಾರ ಬಾಯಿಂದ ಹೇಳಿಸಿದರೂ ಆ ಎರಡು ಬದಲಾಗಬಾರದು ಎಂದು ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಕುರುಡರು ಆನೆಯನ್ನು ಮುಟ್ಟಿದ ಕಥೆಯನ್ನು ಈ ಪಾಠಕ್ಕೆ ಬಳಸದಿರುವುದೇ ಒಳ್ಳೆಯದು ಎನ್ನುವುದೂ ಇದೇ ಕಾರಣಕ್ಕೆ. ಅದು ಎಲ್ಲರೂ ತಪ್ಪು ಎಂದು ಕಲಿಸುತ್ತದೆ. ಮಕ್ಕಳು ಅದರಿಂದ ಎಲ್ಲರೂ ಸರಿ ಎಂಬಲ್ಲಿಗೆ ಜಿಗಿಯಲು ಒಂದೇ ಹೆಜ್ಜೆ.

ಕನ್ನಡದ ಇನ್ನೊಂದು ದೊಡ್ಡ ಆಸ್ತಿ ಬಂಧುವಾಚಕ ಪದಗಳು. ಮನೆಯ ಹುಡುಗಿ ಹೇಳುವ ನಾಲ್ಕು ವಾಕ್ಯ ತೆಗೆದುಕೊಳ್ಳಿ. "ಅವ್ವ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಅಜ್ಜಿ ಜಗಲಿ ಮೇಲೆ ಕೂತಿದ್ದಳು. ಅತ್ತೆ ಊರಿಂದ ಬಂದಳು. ಅಪ್ಪ ಎದ್ದು ಅವಳ ಚೀಲ ತೆಗೆದುಕೊಂಡ." ಇದನ್ನು ಅವ್ವನ ಬಾಯಲ್ಲಿ ಹೇಳಿಸಿ. ಅಜ್ಜಿ ಈಗ 'ಅತ್ತೆ' ಆಗುತ್ತಾಳೆ, ಹುಡುಗಿಯ 'ಅತ್ತೆ' ನಾದಿನಿ ಆಗುತ್ತಾಳೆ. ಅಂದರೆ 'ಅತ್ತೆ' ಎಂಬ ಪದ ಉಳಿಯಿತು, ಆದರೆ ಬೇರೆಯವಳ ಮೇಲೆ ಹೋಗಿ ಕೂತಿತು. 'ಕೂತಿದ್ದಳು' ಎನ್ನುವುದು 'ಕೂತಿದ್ದರು' ಆಗುತ್ತದೆ, ಅಪ್ಪ 'ನಮ್ಮನೆಯವರು' ಆಗಿ 'ತೆಗೆದುಕೊಂಡರು' ಎಂಬ ಗೌರವ ಪಡೆಯುತ್ತಾನೆ. ಇಷ್ಟನ್ನು ಚುರುಕಾದ ಮಕ್ಕಳು ಮಾಡುತ್ತಾರೆ. ಅಲ್ಲಿಗೆ ನಿಲ್ಲಿಸಬೇಡಿ. ಮುದ್ದೆ ಕೋಲು ಹಿಡಿದು ಒಲೆಯ ಮುಂದೆ ಬಗ್ಗಿದವಳಿಗೆ ಜಗಲಿ ಕಾಣುತ್ತದೆಯೇ? ಚೀಲ ತೆಗೆದುಕೊಂಡದ್ದು ಅವಳಿಗೆ ಹೇಗೆ ಗೊತ್ತು? ನಾದಿನಿಯ ದನಿ ಕೇಳಿರಬಹುದು, ಬಳೆಯ ಸದ್ದು ಕೇಳಿರಬಹುದು. ಚೀಲ ಕಾಣಬೇಕಾದರೆ ಅದು ಅಡುಗೆಮನೆಯ ಹೊಸ್ತಿಲವರೆಗೆ ಬರಬೇಕು. ಐದಾರು ಮಕ್ಕಳ ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟರೆ ಈ ನಾಲ್ಕೇ ವಾಕ್ಯ ಎರಡು ಪೀರಿಯಡ್ ತಿನ್ನುತ್ತವೆ.

'ತಾನು' ಬಗ್ಗೆ ಒಂದು ಮಾತು. "ಅವನು ತಪ್ಪು ಮಾಡಿಲ್ಲ ಎಂದು ಮಂಜ ಹೇಳಿದ." "ತಾನು ತಪ್ಪು ಮಾಡಿಲ್ಲ ಎಂದು ಮಂಜ ಹೇಳಿದ." ಮೊದಲನೆಯದರಲ್ಲಿ ಮಂಜ ಬೇರೊಬ್ಬನ ಪರ ನಿಂತಿರಬಹುದು. ಎರಡನೆಯದರಲ್ಲಿ ಆ ಸಂಶಯಕ್ಕೆ ಎಡೆಯೇ ಇಲ್ಲ, ನಾವು ಮಂಜನ ಒಳಗೆ ಹೊಕ್ಕಿದ್ದೇವೆ. 'ಅವನು' ಎಂದೇ ಸಾಗುವ ಕಥೆ ಎಲ್ಲಿ ಒಬ್ಬರ ಮನಸ್ಸಿಗೆ ಹತ್ತಿರ ಹೋಯಿತು ಎಂದು ಹುಡುಕಲು ಆರನೇ ತರಗತಿಯವರಿಗೆ ಹಸಿರು ಪೆನ್ಸಿಲ್ ಕೊಟ್ಟು 'ತಾನು, ತನ್ನ, ತನಗೆ' ಬಂದಲ್ಲೆಲ್ಲ ಗುರುತು ಹಾಕಿಸಬಹುದು. ಇಡೀ ಪುಟದಲ್ಲಿ ಗುರುತೆಲ್ಲ ಒಬ್ಬಳ ಸುತ್ತಲೇ ಬಿದ್ದರೆ, ಕಥೆ ಅವಳ ಬೆನ್ನ ಹಿಂದೆ ನಿಂತಿರಬೇಕು. ಹೇಳುವ ದನಿ ಯಾರದು, ನೋಡುವ ಕಣ್ಣು ಯಾರದು ಎಂಬುದನ್ನು ಬೇರೆಬೇರೆಯಾಗಿ ಕೇಳಬೇಕೆಂದು ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಒತ್ತಿ ಹೇಳಿದ. 'ತಾನು' ಬಳಸುವ ಕನ್ನಡದ ಮಗುವಿಗೆ ಆ ವ್ಯತ್ಯಾಸ ನಾಲಿಗೆಯ ಮೇಲೇ ಇದೆ.

ಸರ್ವನಾಮ ಹುಡುಕುವ ಮಕ್ಕಳು ಪದೇಪದೇ ಎಡವುವ ಜಾಗವನ್ನೂ ಹೇಳಬೇಕು. ಉದ್ಧರಣ ಚಿಹ್ನೆಯ ಒಳಗಿನ 'ನಾನು'. "'ನಾನು ಬರುವುದಿಲ್ಲ' ಎಂದು ಹುಲಿ ಹೇಳಿತು" ಎಂಬ ವಾಕ್ಯ ಕಂಡ ಕೂಡಲೇ ಹುಲಿ ಹೇಳಿದ ಕಥೆ ಎಂದು ಬರೆದುಬಿಡುತ್ತಾರೆ. ಓದುವ ಮೊದಲು ಮಾತುಗಳನ್ನೆಲ್ಲ ಪೆನ್ಸಿಲ್‌ನಿಂದ ತೆಳ್ಳಗೆ ಹೊಡೆದುಹಾಕಿಸಿ, ಉಳಿದದ್ದನ್ನು ಮಾತ್ರ ನೋಡಲು ಹೇಳಿ. ಇದರ ತಿರುಗಾಮುರುಗಾ ತೊಂದರೆಯೂ ಇದೆ: ಕನ್ನಡದಲ್ಲಿ 'ನಾನು' ಎನ್ನದೆಯೇ 'ನಾನು' ಕಥೆ ನಡೆಯುತ್ತದೆ. "ಎದ್ದೆ. ಮುಖ ತೊಳೆದೆ. ಕಬ್ಬಿನ ಗದ್ದೆಗೆ ಹೋದೆ." ಸರ್ವನಾಮ ಒಂದೂ ಇಲ್ಲ. ಕ್ರಿಯಾಪದದ ಬಾಲ ನೋಡಲು ಕಲಿಸದಿದ್ದರೆ ಮಗು ಇಲ್ಲಿ ಸೋಲುತ್ತದೆ.

ಪ್ರೌಢಶಾಲೆಗೆ ಬಂದ ಮೇಲೆ ಬರುವ 'ಹಳೆಯ ಕೊಡೆಯ ಆತ್ಮಕಥೆ' ಮಾದರಿಯ ಪ್ರಬಂಧ ಒಳ್ಳೆಯ ಅವಕಾಶ, ಬಹಳ ಸಲ ವ್ಯರ್ಥವಾಗುವ ಅವಕಾಶ. ಕೊಡೆಯ ಬಗ್ಗೆ ಗೊತ್ತಿರುವ ಮಾಹಿತಿಗೆಲ್ಲ 'ನಾನು' ಅಂಟಿಸಿದರೆ ಮುಗಿಯಿತು ಎಂದು ಮಕ್ಕಳು ತಿಳಿಯುತ್ತಾರೆ. ಮೈಸೂರಿನ ಮಕ್ಕಳಿಗೆ ದಸರಾ ಮೆರವಣಿಗೆಯಲ್ಲಿ ಅಂಬಾರಿ ಹೊತ್ತ ಆನೆಯನ್ನು ಕೊಟ್ಟು ನೋಡಿ. ಹತ್ತರಲ್ಲಿ ಎಂಟು ನೋಟ್‌ಬುಕ್ಕಿನಲ್ಲಿ "ನಾನು 750 ಕೆಜಿ ತೂಕದ ಚಿನ್ನದ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುತ್ತೇನೆ" ಎಂಬಂಥ ವಾಕ್ಯ ಬಂದರೆ ಆಶ್ಚರ್ಯವಿಲ್ಲ. ಆನೆಗೆ ಕೆಜಿ ಗೊತ್ತಿಲ್ಲ, ಚಿನ್ನ ಗೊತ್ತಿಲ್ಲ. ಬೆನ್ನಿನ ಭಾರ ಗೊತ್ತು, ಹೊಟ್ಟೆಯ ಸುತ್ತ ಬಿಗಿದ ಹಗ್ಗ ಗೊತ್ತು, ತಾಲೀಮಿನಲ್ಲಿ ಹೊತ್ತ ಮರಳಿನ ಮೂಟೆ ಗೊತ್ತು, ಕಾಲಡಿಯ ಟಾರು ರಸ್ತೆಯ ಬಿಸಿ ಗೊತ್ತು, ಮಾವುತನ ಹೆಬ್ಬೆರಳು ಕಿವಿಯ ಹಿಂದೆ ಒತ್ತಿದ್ದು ಗೊತ್ತು. ಈ ಪಟ್ಟಿಯನ್ನು ಮಕ್ಕಳ ಬಾಯಿಂದಲೇ ತೆಗೆಸಬೇಕು. ಕನಿಷ್ಠ ಹತ್ತು ಸಂಗತಿ ಬರುವವರೆಗೆ ಬರೆಯಲು ಬಿಡಬೇಡಿ.

ಆಮೇಲೆ ಅದೇ ಮೆರವಣಿಗೆಯ ಬೇರೆ ಜಾಗಗಳು. ಮಾವುತ ಆನೆಯ ಕತ್ತಿನ ಮೇಲಿದ್ದಾನೆ, ಅವನಿಗಿಂತ ಹತ್ತಿರ ಯಾರೂ ಇಲ್ಲ. ಆದರೆ ಚಾಮುಂಡೇಶ್ವರಿಯ ಮೂರ್ತಿ ಅವನ ಬೆನ್ನ ಹಿಂದಿದೆ. ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪನ ಹೆಗಲೇರಿದ ಮಗುವಿಗೆ ಮೂರ್ತಿ ಕೆಲವೇ ಗಳಿಗೆ ಕಾಣುತ್ತದೆ, ಅಪ್ಪನಿಗೆ ಕಾಣುವುದು ಮುಂದಿನವರ ತಲೆ. ಜನರ ಕಡೆ ಮುಖ ಮಾಡಿ ನಿಂತ ಪೊಲೀಸ್ ಪೇದೆಗೆ ಮೆರವಣಿಗೆ ಕಾಣುವುದು ಜನರ ಮುಖದಲ್ಲಿ. ಈ ಕೊನೆಯದನ್ನು ಬರೆಯಲು ಕೊಟ್ಟಾಗ ಮಕ್ಕಳ ವಾಕ್ಯಗಳು ಇದ್ದಕ್ಕಿದ್ದಂತೆ ಬೆಳೆಯುತ್ತವೆ. ಆನೆಯನ್ನು ಒಮ್ಮೆಯೂ ತೋರಿಸದೆ ಆನೆ ಹೋದದ್ದನ್ನು ಹೇಳಬೇಕಲ್ಲ.

ಮಂಡ್ಯದ ಮಕ್ಕಳಿಗೆ ಕಟ್ಟೆಯೇ ಸಾಕು. ಕನ್ನಂಬಾಡಿಯ ನೀರು ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಿ ಗೇಟು ಎತ್ತಿದರು ಎಂಬ ಒಂದು ಸುದ್ದಿ. ನಾಲೆಯ ಕೊನೆ ಭಾಗದಲ್ಲಿ ನೀರಿಗೆ ಕಾದು ಕೂತ ರೈತನ ಮನೆಯಲ್ಲಿ, ಹೊಳೆ ಉಕ್ಕಿದಾಗ ದೋಣಿವಿಹಾರ ನಿಂತುಹೋಗುವ ರಂಗನತಿಟ್ಟಿನಲ್ಲಿ ಹುಟ್ಟು ಹಾಕುವವನ ಮನೆಯಲ್ಲಿ, ಹೊಳೆದಂಡೆಯ ತಗ್ಗಿನಲ್ಲಿ ಭತ್ತದ ಪೈರು ಇಟ್ಟವನ ಮನೆಯಲ್ಲಿ ಅದು ಹೇಗೆ ಕೇಳಿಸುತ್ತದೆ? ಇಲ್ಲಿ ಮಕ್ಕಳಿಗೆ ಆಡುಮಾತಿನಲ್ಲೇ ಬರೆಯಲು ಬಿಡಬೇಕು. "ನೀರ್ ಬುಟ್ಟವ್ರೆ ಕಣವ್ವ" ಎಂದು ಹೇಳುವ ಹುಡುಗನ 'ನಾನು' ಕಥೆಯನ್ನು "ನೀರನ್ನು ಬಿಟ್ಟಿದ್ದಾರೆ ತಾಯಿ" ಎಂದು ತಿದ್ದಿದರೆ ಕಥೆ ಹೇಳುತ್ತಿದ್ದ ಹುಡುಗನನ್ನೇ ಹೊರಗೆ ಕಳಿಸಿದಂತೆ. ಕಾಗುಣಿತ ತಿದ್ದಿ, ಬಾಯಿಯನ್ನು ತಿದ್ದಬೇಡಿ.

ನೋಟ್‌ಬುಕ್ ನೋಡುವಾಗ ಒಂದು ಪುಟಕ್ಕೆ ಮೂರಕ್ಕಿಂತ ಹೆಚ್ಚು ಗುರುತು ಬೇಡ. ಹೇಳುವವರಿಗೆ ಗೊತ್ತಿರಲಾಗದ ವಾಕ್ಯದ ಪಕ್ಕದಲ್ಲಿ "ಹೇಗೆ ಗೊತ್ತು?" ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಕಥೆಯನ್ನೆಲ್ಲ ಮತ್ತೆ ಬರೆಸಬೇಡಿ, ಆ ಮೂರು ವಾಕ್ಯ ಮಾತ್ರ. "ಅಮ್ಮನಿಗೆ ಒಳಗೊಳಗೇ ದುಃಖವಾಯಿತು" ಎಂದು ಮಗಳು ಬರೆದಿದ್ದಾಳೆ ಎನ್ನಿ. ಪಕ್ಕದಲ್ಲಿ ನಿಮ್ಮ ಪ್ರಶ್ನೆ. ಮಾರನೇ ದಿನ ಅದರ ಕೆಳಗೆ ಹೊಸ ವಾಕ್ಯ ಬರುತ್ತದೆ: "ಅಮ್ಮ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಕರೆದರೂ ತಿರುಗಲಿಲ್ಲ."